ಒಂದೇ ವಾರದಲ್ಲಿ ಐಎಸ್‌ಒ 9001 ಕೊಡಿಸುತ್ತೇನೆ ಎಂದರೆ ನಂಬಬಹುದೇ?

ಹದಿನೆಂಟು ಜನರ ಮಷೀನ್ ಶಾಪ್ ನಿಮ್ಮದು, ಪೀಣ್ಯದಲ್ಲಿದೆ. ಗ್ರಾಹಕರು ಗುಣಮಟ್ಟ ನಿರ್ವಹಣೆಯ ಮಾನದಂಡವಾದ ಐಎಸ್‌ಒ 9001ರ ಪ್ರಮಾಣಪತ್ರ ಇದ್ದರೆ ಮಾತ್ರ ಆರ್ಡರ್ ಎನ್ನುತ್ತಿದ್ದಾರೆ. ಕನ್ಸಲ್ಟೆಂಟ್ ಒಬ್ಬರು ವಾರದೊಳಗೆ ಪ್ರಮಾಣಪತ್ರ ತಂದುಕೊಡುತ್ತೇನೆ ಎಂದಿದ್ದಾರೆ. ಒಪ್ಪಬಹುದೇ ಎಂಬುದು ನಿಮ್ಮ ಪ್ರಶ್ನೆ. ಒಪ್ಪಬೇಡಿ. ಇಂಥದೇ ಘಟಕವೊಂದರಲ್ಲಿ ಗುಣಮಟ್ಟ ವಿಭಾಗ ನೋಡಿಕೊಳ್ಳುವವನಾಗಿ ಹೇಳುತ್ತಿದ್ದೇನೆ.

ಐಎಸ್‌ಒ ಸಂಸ್ಥೆ ಮಾನದಂಡ ರೂಪಿಸುತ್ತದೆ, ಪ್ರಮಾಣಪತ್ರವನ್ನು ಅದು ಯಾರಿಗೂ ಕೊಡುವುದಿಲ್ಲ. ಆಡಿಟ್ ಮಾಡಿ ಪತ್ರ ಕೊಡುವ ಸಂಸ್ಥೆಗಳೇ ಬೇರೆ. ಅಂಥ ಸಂಸ್ಥೆಗೆ, ಪ್ರಮಾಣಪತ್ರ ಕೊಡುವವರಿಗೇ ಮಾನ್ಯತೆ ನೀಡುವ ನಮ್ಮ ದೇಶದ ಮಂಡಳಿ ಎನ್‌ಎಬಿಸಿಬಿ ಅಥವಾ ಅದಕ್ಕೆ ಸಮನಾದ ವಿದೇಶಿ ಮಂಡಳಿಯ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ನಿಮ್ಮ ದಾಖಲೆ ಬರೆದುಕೊಡುವವರೇ ಪತ್ರವನ್ನೂ ಕೊಡುತ್ತಾರೆ ಎಂದಾದರೆ ಅಲ್ಲಿಗೇ ಮಾತು ಮುಗಿಸಿ. ಪತ್ರ ಸಿಗುವ ಮೊದಲು ನಿಮ್ಮಲ್ಲೇ ಆಂತರಿಕ ಆಡಿಟ್ ಮತ್ತು ಆಡಳಿತದ ಪರಿಶೀಲನಾ ಸಭೆ ಒಮ್ಮೆಯಾದರೂ ನಡೆದಿರಬೇಕು. ಅದಕ್ಕೆ ಕೆಲವು ತಿಂಗಳ ದಾಖಲೆ ಬೇಕು, ವಾರದಲ್ಲಿ ಅದೆಲ್ಲಿಂದ ಬರುತ್ತದೆ?

ನಿಜವಾದ ಆಡಿಟರ್ ಬಂದರೆ ಫೈಲುಗಳ ಮುಂದೆ ಹೆಚ್ಚು ಹೊತ್ತು ಕೂರುವುದಿಲ್ಲ. ಸೀದಾ ಲೇತ್ ಹತ್ತಿರ ಹೋಗಿ, ಅಲ್ಲಿ ಅಂಟಿಸಿದ ಡ್ರಾಯಿಂಗ್‌ನ ರಿವಿಷನ್, ಅಂದರೆ ಅದು ಎಷ್ಟನೇ ತಿದ್ದುಪಡಿಯದು ಎಂದು ನೋಡುತ್ತಾರೆ. ಅದು ‘ಬಿ’ ಆಗಿದ್ದು, ಕಚೇರಿಯಲ್ಲಿರುವುದು ‘ಸಿ’ ಆಗಿದ್ದರೆ ಕಥೆ ಮುಗಿಯಿತು. ಆಪರೇಟರ್ ಕೈಯಲ್ಲಿರುವ ಅಳತೆಯ ಸಾಧನ ವರ್ನಿಯರ್ ಪಡೆದು, ಅದರ ನಂಬರ್ ಓದಿ, ಅದು ಸರಿಯಾಗಿ ಅಳೆಯುತ್ತದೆ ಎಂಬುದಕ್ಕೆ ಕ್ಯಾಲಿಬ್ರೇಷನ್ ಪತ್ರ ಕೇಳುತ್ತಾರೆ. ದಪ್ಪ ಗುಣಮಟ್ಟದ ಮ್ಯಾನ್ಯುಯಲ್ ತೋರಿಸಿ ಪ್ರಯೋಜನವಿಲ್ಲ. ಮಾನದಂಡದ 2015ರ ಆವೃತ್ತಿಯಲ್ಲಿ ಅದು ಕಡ್ಡಾಯ ಎಂಬ ಷರತ್ತನ್ನೇ ಕೈಬಿಟ್ಟರು. ಆದರೂ ಕನ್ಸಲ್ಟೆಂಟ್‌ಗಳಿಗೆ ಅದರ ಮೇಲಿನ ಮೋಹ ಹೋಗಿಲ್ಲ.

ನೀವು ತಿರಸ್ಕೃತ ಪೀಸ್‌ಗಳನ್ನು ಬರೆದಿಡುವ ರಿಜೆಕ್ಷನ್ ರಿಜಿಸ್ಟರ್‌ನಿಂದ ಶುರು ಮಾಡಿ. ಅದರ ಕಾರಣದ ಕಾಲಂನಲ್ಲಿ ‘ಆಪರೇಟರ್ ನಿರ್ಲಕ್ಷ್ಯ’ ಎಂದು ಬರೆಯಲು ನಾನು ಬಿಡುವುದಿಲ್ಲ. ಕೊರೆದ ರಂಧ್ರದ (ಬೋರ್) ಅಳತೆ ತಪ್ಪಿದ್ದೇಕೆ? ಕತ್ತರಿಸುವ ತುದಿ (ಇನ್ಸರ್ಟ್) ಸವೆದಿತ್ತು. ಬದಲಾಯಿಸಲಿಲ್ಲವೇಕೆ? ಎಷ್ಟು ಪೀಸ್‌ಗೊಮ್ಮೆ ಬದಲಾಯಿಸಬೇಕೆಂದು ಯಾರೂ ನಿಗದಿ ಮಾಡಿರಲಿಲ್ಲ. ಇಷ್ಟು ದೂರ ಹೋದರೆ ಮಾತ್ರ ಅದು ಕಾರಣ. ಆಗ ಆ ಸಂಖ್ಯೆಯನ್ನು ಮಷೀನ್ ಮೇಲೆ ಬರೆದು ಹಾಕಬಹುದು.

ಪತ್ರದ ಅವಧಿ ಮೂರು ವರ್ಷ, ನಡುವೆ ವರ್ಷಕ್ಕೊಮ್ಮೆ ಆಡಿಟರ್ ಬರುತ್ತಾರೆ, ಶುಲ್ಕವೂ ಇರುತ್ತದೆ. ಇಷ್ಟಾದರೂ ಆ ಪತ್ರ ನಿಮ್ಮ ಪೀಸ್‌ಗೆ ಕೊಟ್ಟ ಗ್ಯಾರಂಟಿಯಲ್ಲ, ವ್ಯವಸ್ಥೆಗೆ ಕೊಟ್ಟದ್ದು.

ಇನ್ನೊಂದು ಮಾತು. ಗ್ರಾಹಕರು ವಾಹನ ಉದ್ಯಮದವರಾದರೆ 9001 ಸಾಕೇ, ಆ ಉದ್ಯಮದ್ದೇ ಗುಣಮಟ್ಟದ ಮಾನದಂಡ ಐಎಟಿಎಫ್ 16949 ಬೇಕೇ ಎಂದು ಹಣ ಕಟ್ಟುವ ಮೊದಲೇ ಅವರಿಂದ ಬರಹದಲ್ಲಿ ಪಡೆದುಕೊಳ್ಳಿ.