ತೇಲೋ ರೈಲಿಗೆ ಚಕ್ರ ಯಾಕೆ?
ಸರ್, ಜಪಾನಿನ ಮ್ಯಾಗ್ಲೆವ್ (ಅಯಸ್ಕಾಂತದ ಬಲದಿಂದ ಓಡೋ ರೈಲು) ತೇಲತ್ತೆ ಅಂದ್ಮೇಲೆ ಅದಕ್ಕೆ ಚಕ್ರ ಯಾಕೆ ಅಂತ ಕೇಳಿದೀರಲ್ಲ, ಮಜಾ ಇರೋದೇ ಅಲ್ಲಿ. ರೈಲಲ್ಲಿರೋ ಸೂಪರ್‌ಕಂಡಕ್ಟಿಂಗ್ (ತುಂಬಾ ತಣ್ಣಗಿಟ್ಟಾಗ ಕರೆಂಟಿಗೆ ತಡೆಯೇ ಇಲ್ಲದ) ಅಯಸ್ಕಾಂತ ಜೋರಾಗಿ ಹಾದುಹೋದಾಗ ಪಕ್ಕದ ಗೋಡೆಯ ಸುರುಳಿಗಳಲ್ಲಿ ಕರೆಂಟ್ ಹುಟ್ಟತ್ತೆ. ರೈಲನ್ನ ಎತ್ತಿಹಿಡಿಯೋದು ಆ ಕರೆಂಟೇ. ನಿಂತಿದ್ರೆ ಎತ್ತೋ ಬಲವೇ ಇಲ್ಲ. ಹಾಗಾಗಿ ಗಂಟೆಗೆ ಸುಮಾರು 150 ಕಿ.ಮೀ. ವೇಗ ಬರೋವರೆಗೆ ವಿಮಾನದ ಥರ ರಬ್ಬರ್ ಟೈರ್ ಮೇಲೆ ಓಡಿ, ಆಮೇಲೆ 10 ಸೆಂ.ಮೀ. ಮೇಲೇಳತ್ತೆ. 2015ರಲ್ಲಿ ಗಂಟೆಗೆ 603 ಕಿ.ಮೀ. ವೇಗ ಮುಟ್ಟಿದ್ದು ಇದೇ ಜಾತಿ.

ಚೀನಾದ ಶಾಂಘೈನ ಮ್ಯಾಗ್ಲೆವ್ ಬೇರೆ. ಮಾಮೂಲಿ ವಿದ್ಯುದಯಸ್ಕಾಂತ, ನಿಂತಾಗಲೂ ಸುಮಾರು 1 ಸೆಂ.ಮೀ. ತೇಲಬಲ್ಲದು.

ಇನ್ನು ನಮ್ಮ ಬೆಂಗಳೂರೊಳಗೆ ಇಂಥದ್ದನ್ನ ಓಡಿಸಿದ್ರೆ? ಮೆಟ್ರೋ ಥರ ಕಿಲೋಮೀಟರಿಗೊಂದು ಸ್ಟೇಷನ್ ಇದ್ರೆ ಜಪಾನಿನ ರೈಲಿಗೆ ಮೇಲೇಳೋಕೂ ಪುರುಸೊತ್ತು ಸಿಗಲ್ಲ ಬಿಡಿ!