50 ಸಾವಿರದೊಳಗೆ ಸೆಕೆಂಡ್ ಹ್ಯಾಂಡ್ ಬೈಕ್: ಸ್ಪ್ಲೆಂಡರ್, ಶೈನ್, ಪಲ್ಸರ್ 150, ಯಾವುದು ತಗೊಳ್ಳಲಿ?

ದಿನಕ್ಕೆ 40 ಕಿ.ಮೀ. ಓಡಾಟ, ಕೈಯಲ್ಲಿ 50 ಸಾವಿರ, ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿ ಒಂದು 125 ಸಿಸಿ ಗಾಡಿ ತಗೊಂಡೆ. ಎಂಜಿನ್ ಚೆನ್ನಾಗಿತ್ತು, ಟೈರ್ ಹೊಸದು. ಏಳು ತಿಂಗಳು ಕಾಡಿದ್ದು ಆರ್‌ಸಿ ಕಾರ್ಡಿನಲ್ಲಿದ್ದ ಒಂದು ಸಾಲು: ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರು.

ಮಾರುವವರು ಲೋನ್ ತೀರಿದೆ ಅಂತ ಫೈನಾನ್ಸಿನವರು ಕೊಟ್ಟ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತೋರಿಸಿದರು. ಪತ್ರ ಅಸಲಿ, ಲೋನೂ ನಿಜವಾಗಿ ತೀರಿತ್ತು. ಪೂರ್ತಿ ಹಣ ಕೊಟ್ಟು, ಹೆಸರು ಬದಲಾವಣೆಗೆ ಬೇಕಾದ ಫಾರಂ 29, 30 ಸಹಿ ಹಾಕಿದ್ದನ್ನು ಇಸ್ಕೊಂಡು ಬಂದೆ. ಲೋನ್ ತೀರಿದ ಮಾತ್ರಕ್ಕೆ ಆರ್‌ಸಿಯಲ್ಲಿನ ಎಚ್‌ಪಿ, ಅಂದರೆ ಗಾಡಿ ಮೇಲೆ ಸಾಲ ಇದೆ ಅನ್ನೋ ಆ ಸಾಲು, ತಾನಾಗಿ ಅಳಿಸಿಹೋಗಲ್ಲ. ಅದಕ್ಕೆ ಫಾರಂ 35 ಬೇಕು. ಅದರಲ್ಲಿ ಆರ್‌ಸಿ ಮಾಲೀಕರದೂ ಫೈನಾನ್ಸಿನವರದೂ ಸಹಿ ಇರಬೇಕು, ಜೊತೆಗೆ ಅವಧಿ ಮುಗಿಯದ ಎನ್‌ಒಸಿ ಕೊಡಬೇಕು. ನನ್ನ ಕೈಲಿದ್ದ ಎನ್‌ಒಸಿಗೆ ಒಂದೂವರೆ ವರ್ಷ ಆಗಿತ್ತು, ಅದರ ಮೇಲೇ 90 ದಿನದ ಅವಧಿ ಅಂತ ಅಚ್ಚಾಗಿತ್ತು. ಆರ್‌ಟಿಒದಲ್ಲಿ ವಾಪಸ್ ಕೊಟ್ಟರು. ಹೊಸದು ಕೇಳಿದರೆ, ಯಾರ ಹೆಸರಲ್ಲಿ ಲೋನ್ ಇತ್ತೋ ಅವರೇ ಗುರುತಿನ ಚೀಟಿ ಹಿಡಿದು ಬರಬೇಕು ಅಂದರು ಫೈನಾನ್ಸಿನವರು. ಆಗ ಗೊತ್ತಾಯ್ತು, ನನಗೆ ಮಾರಿದವರು ಆರ್‌ಸಿ ಮಾಲೀಕರೇ ಅಲ್ಲ. ಅವರೂ ಇಂಥದೇ ಸಹಿ ಮಾಡಿದ ಖಾಲಿ ಫಾರಂ ಮೇಲೆ ಗಾಡಿ ತಗೊಂಡು ಎರಡು ವರ್ಷ ಓಡಿಸಿದ್ದರು. ಅಸಲಿ ಮಾಲೀಕರು ಕೆಲಸಕ್ಕೆ ಬೇರೆ ಊರಿಗೆ ಹೋಗಿದ್ದರು. ಅವರನ್ನು ಹುಡುಕಿ, ಕಾಡಿಬೇಡಿ ಕರೆತಂದು ಸಹಿ ಮಾಡಿಸೋ ಹೊತ್ತಿಗೆ ಓಡಾಟ, ದಂಡ ಎಲ್ಲ ಸೇರಿ 9 ಸಾವಿರ ಹೋಗಿತ್ತು. ಅಷ್ಟು ದಿನವೂ ಇನ್ಶೂರೆನ್ಸ್ ಅವರ ಹೆಸರಲ್ಲೇ ಇತ್ತು, ನಾನು ಎಲ್ಲಾದರೂ ಬಿದ್ದಿದ್ದರೆ ಗಾಡಿಯ ರಿಪೇರಿಗೆ ಕ್ಲೈಮ್ ಕೇಳೋ ದಾರಿಯೇ ಇರಲಿಲ್ಲ. ಆ ಮಾಲೀಕರಿಗೂ ನೆಮ್ಮದಿ ಇರಲಿಲ್ಲ: ಅಪಘಾತದ ಪರಿಹಾರದ ವಿಷಯದಲ್ಲಿ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಹಾಗಾಗಿ ಯಾವ ಮಾಡೆಲ್ ಅನ್ನೋ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಗಾಡಿ ನೋಡೋಕೆ ಹೋಗೋ ಮೊದಲೇ ನಂಬರ್ ಕೇಳಿ, ಸಾರಿಗೆ ಇಲಾಖೆಯ ಪರಿವಾಹನ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ನೋಂದಣಿ ದಿನಾಂಕ, ಇನ್ಶೂರೆನ್ಸ್ ಎಲ್ಲಿವರೆಗೆ, ಲೋನ್ ಇದೆಯಾ ಅನ್ನೋದು ಅಲ್ಲೇ ಕಾಣುತ್ತೆ. ಬಾಕಿ ಇರೋ ಟ್ರಾಫಿಕ್ ದಂಡ ಇ-ಚಲನ್ ವೆಬ್‌ಸೈಟಿನಲ್ಲಿ ಸಿಗುತ್ತೆ. ಎಚ್‌ಪಿ ಇದ್ದರೆ, "ತೆಗೆಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ" ಅನ್ನಿ. ಮಾರುವವರ ಆಧಾರ್ ಹೆಸರೂ ಆರ್‌ಸಿ ಹೆಸರೂ ಒಂದೇ ಇರಬೇಕು. ಹೆಸರು ಬದಲಾವಣೆಗೆ ಆನ್‌ಲೈನ್ ಅರ್ಜಿ ಹಾಕುವಾಗ ಒಟಿಪಿ ಹೋಗೋದು ಆರ್‌ಸಿ ಮಾಲೀಕರ ಮೊಬೈಲಿಗೆ, ಆ ನಂಬರ್ ಈಗಲೂ ಅವರ ಹತ್ತಿರ ಇದೆಯಾ ಅಂತ ಕೇಳಿ. ಬೇರೆ ರಾಜ್ಯದ ನಂಬರಿನ ಗಾಡಿ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಆ ರಾಜ್ಯದ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಿಸಿ, ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟೋವಷ್ಟರಲ್ಲಿ ಉಳಿಸಿದ ದುಡ್ಡು ಕರಗಿರುತ್ತೆ.

ಮಾಡೆಲ್ ಬಗ್ಗೆ ಹೇಳಲೇಬೇಕು ಅಂದರೆ, ಪಲ್ಸರ್ ಬಿಡಿ. ತಿಂಗಳಿಗೆ 25 ದಿನ ಅಂದರೂ 1,000 ಕಿ.ಮೀ. ಓಡಿಸ್ತೀರಿ. ಲೀಟರಿಗೆ 60 ಕೊಡೋ ಗಾಡಿ 17 ಲೀಟರ್ ಕುಡಿದರೆ, 45 ಕೊಡೋದು 22 ಲೀಟರ್ ಕುಡಿಯುತ್ತೆ. ಪೇಟೆಯೊಳಗಿನ ಓಡಾಟವೇ ಹೆಚ್ಚಿದ್ದರೆ ಸ್ಪ್ಲೆಂಡರ್, ಹೈವೇ ಇದ್ದರೆ ಶೈನ್. ಇವೆರಡರಲ್ಲಿ ಯಾವುದರ ಪೇಪರ್ ಸರಿ ಇದೆಯೋ ಅದನ್ನೇ ತಗೊಳ್ಳಿ, ಬಣ್ಣ ಯಾವುದಾದರೂ ಇರಲಿ. ನಿಮ್ಮ ಬಜೆಟ್ಟಿಗೆ 2017ರಿಂದ 2020ರ ಮಾರ್ಚ್‌ವರೆಗಿನ ಬಿಎಸ್4 (ಆಗಿನ ಹೊಗೆ ನಿಯಮದ) ಗಾಡಿ ಸರಿ. ಅವುಗಳಲ್ಲಿರೋದು ಕಾರ್ಬುರೇಟರ್, ಹಳ್ಳಿ ಮೆಕ್ಯಾನಿಕ್ಕೂ ಬಿಚ್ಚಿ ತೊಳೆದು ಕೊಡ್ತಾರೆ. 2018ರ ಸೆಪ್ಟೆಂಬರ್ ನಂತರದ ಗಾಡಿಗಳಿಗೆ ಶೋರೂಮಿನಲ್ಲೇ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸಿರ್ತಾರೆ. ಅದು ಮುಗಿದಿದ್ದು ಎಷ್ಟೋ ಮಾಲೀಕರಿಗೆ ಗೊತ್ತೇ ಇರಲ್ಲ, ದಿನಾಂಕ ನೋಡಿ.

ಗಾಡಿ ನೋಡೋಕೆ ಬೆಳಿಗ್ಗೆ ಬೇಗ ಹೋಗಿ, ಮೊದಲು ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಿಮಗೋಸ್ಕರ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ಇನ್ನೊಂದು ದಿನ ಬರ್ತೀನಿ ಅನ್ನಿ. ತಣ್ಣಗಿರೋ ಎಂಜಿನ್ ಚೋಕ್ ಎಳೆದಾಗ ಎರಡು ಮೂರು ಕಿಕ್‌ಗೆ ಹತ್ತಬೇಕು. ಸೈಲೆನ್ಸರಿನಿಂದ ಮೊದಲೆರಡು ನಿಮಿಷ ಬರೋ ತೆಳು ಬಿಳಿ ಆವಿಗೆ ಹೆದರಬೇಡಿ. ಆಕ್ಸಿಲರೇಟರ್ ಕೊಟ್ಟಾಗೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್, ಬೋರ್ ಸವೆದು ಆಯಿಲ್ ಸುಡ್ತಿದೆ, ಅಂಥದ್ದು ಬೇಡ. ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಮಾತ್ರ ಒಂದು ಗುಕ್ಕು ನೀಲಿ ಹೊಗೆ ಬಂದರೆ ಬಹುತೇಕ ವಾಲ್ವ್ ಸೀಲ್, ಅದು ಸಣ್ಣ ಖರ್ಚು.

ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ. ನಡುವೆ ಸಿಕ್ಕಿಹಾಕಿಕೊಂಡರೆ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಬೇರಿಂಗ್) ಹೋಗಿದೆ. ಹ್ಯಾಂಡಲ್ ಕೆಳಗೆ ಚಾಸಿಸ್ ಕುತ್ತಿಗೆಯಲ್ಲಿ ಹೊಸ ಬಣ್ಣವೋ ವೆಲ್ಡಿಂಗೋ ಕಂಡರೆ ಆ ಗಾಡಿ ದೊಡ್ಡದಾಗಿ ಗುದ್ದಿಸಿಕೊಂಡಿದೆ, ವಾಪಸ್ ಬನ್ನಿ. ಅಲ್ಲೇ ಇರೋ ಚಾಸಿಸ್ ನಂಬರನ್ನೂ ಎಂಜಿನ್ ನಂಬರನ್ನೂ ಬಟ್ಟೆಯಲ್ಲಿ ಒರೆಸಿ, ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಂಕಿ ಹೋಲಿಸಿ. ಹಿಂದಿನ ಸ್ಪ್ರಾಕೆಟ್ ಮೇಲೆ ಚೈನ್ ಎಳೆದಾಗ ಹಲ್ಲಿನಿಂದ ಮೇಲೇಳಬಾರದು. ಟಾಪ್ ಗೇರಿನಲ್ಲಿ 35ರ ವೇಗದಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡಿ. ಶಬ್ದ ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರ್ತಿದೆ. ಮೀಟರ್ ನಂಬಬೇಡಿ, ಕೇಬಲ್ ಬಿಚ್ಚಿಟ್ಟರೆ ಅದು ಓಡೋದೇ ಇಲ್ಲ. 20 ಸಾವಿರ ಕಿ.ಮೀ. ತೋರಿಸೋ ಗಾಡಿಯ ಫುಟ್‌ರೆಸ್ಟ್ ರಬ್ಬರು, ಗೇರ್ ಲಿವರ್ ರಬ್ಬರು ನುಣ್ಣಗಾಗಿದ್ದರೆ ಅದು ಬಹಳ ಓಡಿದೆ.

42 ಸಾವಿರದ ಮೇಲೆ ಹೋಗಬೇಡಿ, ಉಳಿದದ್ದನ್ನು ರಿಪೇರಿಗೆ ಎತ್ತಿಡಿ. ಮೊದಲು 2 ಸಾವಿರ ಟೋಕನ್ ಅಡ್ವಾನ್ಸ್ ಕೊಡಿ, ಬಾಕಿಯನ್ನು ಮಾರುವವರು ಎದುರಿಗೆ ಕೂತು ಒಟಿಪಿ ಹೇಳಿ ಅರ್ಜಿ ಹೋದ ಮೇಲೇ. ಮಾರಿದ ದಿನಾಂಕ, ಹೊತ್ತು ಬರೆದು ಇಬ್ಬರೂ ಸಹಿ ಮಾಡಿದ ಕಾಗದ ಇಟ್ಟುಕೊಳ್ಳಿ. 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ಹೆಸರು ಬದಲಾವಣೆಗೆ ಬರೆದು ಕೊಡಿ. ಮನೆಗೆ ತಂದ ದಿನವೇ ಎಂಜಿನ್ ಆಯಿಲ್, ಪ್ಲಗ್, ಏರ್ ಫಿಲ್ಟರ್ ಬದಲಿಸಿ. ಹಳೇ ಆಯಿಲ್ ಬಸಿಯುವಾಗ ಪಕ್ಕದಲ್ಲೇ ನಿಂತಿರಿ. ಅದರಲ್ಲಿ ಲೋಹದ ಚೂರು ಕಂಡರೆ ಹೊಸ ಆಯಿಲ್ ಹಾಕೋ ಮೊದಲೇ ಮೆಕ್ಯಾನಿಕ್‌ಗೆ ತೋರಿಸಿ.