ಕ್ರೀಡಾ ಪ್ರಶ್ನೋತ್ತರ: ಏಷ್ಯಾಡ್ ಹಾಕಿಯ ಚಿನ್ನ ಏಕಿಷ್ಟು ದುಬಾರಿ?

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದಿರುವ ಭಾರತದ ಪುರುಷರ ಹಾಕಿ ತಂಡ ಏಷ್ಯನ್ ಕ್ರೀಡಾಕೂಟದಲ್ಲಿ ಗೆದ್ದಿರುವುದು ನಾಲ್ಕೇ ಚಿನ್ನ. ಜಗತ್ತನ್ನೇ ಸೋಲಿಸಿದವರಿಗೆ ಏಷ್ಯಾ ಏಕೆ ಕಷ್ಟವಾಯಿತು?
— ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಕೊಟ್ಟಿರುವ ಅಂಕಿಗಳು ಸರಿ, ಆದರೆ ಅವೆರಡೂ ಒಂದೇ ಕಾಲಕ್ಕೆ ಸೇರಿದವಲ್ಲ. 1928ರ ಆಮ್‌ಸ್ಟರ್‌ಡಾಮ್‌ನಿಂದ 1956ರ ಮೆಲ್ಬರ್ನ್‌ವರೆಗೆ ಭಾರತ ಸತತವಾಗಿ ಆರು ಒಲಿಂಪಿಕ್ ಚಿನ್ನ ಗೆದ್ದಾಗ ಏಷ್ಯನ್ ಕೂಟದಲ್ಲಿ ಹಾಕಿ ಸ್ಪರ್ಧೆಯೇ ಇರಲಿಲ್ಲ. 1951ರಲ್ಲಿ ನಮ್ಮ ದೆಹಲಿಯಲ್ಲೇ ನಡೆದ ಮೊದಲ ಕೂಟದಲ್ಲಿಯೂ ಹಾಕಿಗೆ ಜಾಗ ಸಿಕ್ಕಿರಲಿಲ್ಲ. ಅದು ಸೇರ್ಪಡೆಯಾದದ್ದು 1958ರ ಟೋಕಿಯೊ ಕೂಟದಲ್ಲಿ. ಅಷ್ಟು ಹೊತ್ತಿಗೆ ಪಾಕಿಸ್ತಾನ ಬಲಿತಿತ್ತು. ಮೆಲ್ಬರ್ನ್ ಫೈನಲ್‌ನಲ್ಲಿ ಭಾರತ ಆ ತಂಡವನ್ನು ಸೋಲಿಸಿದ್ದು ಒಂದೇ ಗೋಲಿನಿಂದ. ಟೋಕಿಯೊದಲ್ಲಿ ಎರಡೂ ತಂಡಗಳ ನಡುವಿನ ಪಂದ್ಯ ಗೋಲಿಲ್ಲದೆ ಸಮವಾಯಿತು, ಗೋಲು ಸರಾಸರಿಯ ಬಲದಿಂದ ಚಿನ್ನ ಪಾಕಿಸ್ತಾನದ ಪಾಲಾಯಿತು. ಎರಡು ವರ್ಷಗಳ ನಂತರ ರೋಮ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿಯೂ ಪಾಕಿಸ್ತಾನವೇ 1-0ರಿಂದ ಗೆದ್ದಿತು.

ಆದ್ದರಿಂದ 1958ರ ನಂತರದ ಕಾಲವನ್ನು ಮಾತ್ರ ತೆಗೆದುಕೊಂಡು ನೋಡಿದರೆ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ದಕ್ಕಿರುವುದು 1964 ಮತ್ತು 1980ರ ಎರಡೇ ಚಿನ್ನ. ಆ ಅಳತೆಯಲ್ಲಿ ಏಷ್ಯಾಡ್‌ನ ನಾಲ್ಕು (1966, 1998, 2014 ಮತ್ತು ಕೋವಿಡ್‌ನಿಂದಾಗಿ 2023ರಲ್ಲಿ ನಡೆದ ಹಾಂಗ್‌ಝೌ ಕೂಟ) ಕಡಿಮೆಯೇನಲ್ಲ. ಹಾಂಗ್‌ಝೌವರೆಗಿನ ಹದಿನೇಳು ಕೂಟಗಳಲ್ಲಿ ಪಾಕಿಸ್ತಾನ ಎಂಟು, ಭಾರತ ಮತ್ತು ದಕ್ಷಿಣ ಕೊರಿಯಾ ನಾಲ್ಕು ನಾಲ್ಕು, ಜಪಾನ್ ಒಂದು ಚಿನ್ನ ಗೆದ್ದಿವೆ. ಭಾರತದ ಒಂಬತ್ತು ಬೆಳ್ಳಿಗಳಲ್ಲಿ ಏಳು ಬಂದಿರುವುದು ಪಾಕಿಸ್ತಾನದ ಹಿಂದೆ ನಿಂತು. ಅವುಗಳಲ್ಲಿ ಹೆಚ್ಚು ನೋಯಿಸಿದ್ದು 1982ರಲ್ಲಿ ತವರಿನ ಪ್ರೇಕ್ಷಕರೆದುರು 7-1ರಿಂದ ಸೋತ ದೆಹಲಿ ಫೈನಲ್. ಒಟ್ಟಿನಲ್ಲಿ ಏಷ್ಯಾ ಭಾರತಕ್ಕೆ ಕಷ್ಟವಾದದ್ದು, ಜಗತ್ತಿನ ಅತ್ಯುತ್ತಮ ತಂಡಗಳಲ್ಲೊಂದು ಬಹುಕಾಲ ಏಷ್ಯಾದಲ್ಲೇ, ಅದೂ ನಮ್ಮ ಗಡಿಯಾಚೆಯೇ ಇದ್ದುದರಿಂದ. ಭಾರತ ಪದಕವಿಲ್ಲದೆ ಮರಳಿದ್ದು ಒಮ್ಮೆ ಮಾತ್ರ, 2006ರ ದೋಹಾದಿಂದ.

ಪ್ರಶ್ನೆ: 2018ರ ಜಕಾರ್ತಾ ಏಷ್ಯಾಡ್‌ನಲ್ಲಿ ಭಾರತ ಹಾಂಗ್‌ಕಾಂಗ್ ವಿರುದ್ಧ 26-0ರಿಂದ ಗೆದ್ದಿತು. ಇಂಥ ಪಂದ್ಯಗಳಿಂದ ಯಾರಿಗೆ ಏನು ಪ್ರಯೋಜನ? ಗೆಲುವು ಖಚಿತವಾದ ಮೇಲೂ ಗೋಲು ಹೊಡೆಯುತ್ತಲೇ ಇರುವುದು ಸೌಜನ್ಯವೇ?
— ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಗೋಲು ಹೊಡೆಯುವುದನ್ನು ನಿಲ್ಲಿಸುವುದೇ ಎದುರಾಳಿಗೆ ಮಾಡುವ ಹೆಚ್ಚಿನ ಅವಮಾನ ಎಂಬುದು ನನ್ನ ಅಭಿಪ್ರಾಯ. ಅದಿರಲಿ, ನಿಯಮವೂ ಆಟಗಾರರನ್ನು ಹಾಗೆಯೇ ಆಡಿಸುತ್ತದೆ. ಗುಂಪು ಹಂತದಲ್ಲಿ ಎರಡು ತಂಡಗಳ ಅಂಕ ಸಮವಾದರೆ ಮೊದಲು ಗೆದ್ದ ಪಂದ್ಯಗಳ ಸಂಖ್ಯೆಯನ್ನು, ಆಮೇಲೆ ಗೋಲು ಅಂತರವನ್ನು ನೋಡುತ್ತಾರೆ. 1958ರಲ್ಲಿ ಚಿನ್ನವನ್ನೇ ಗೋಲುಗಳ ಲೆಕ್ಕದಲ್ಲಿ ಕಳೆದುಕೊಂಡ ದೇಶದ ತಂಡ ಕೈಗೆ ಬಂದ ಗೋಲನ್ನು ಬಿಡಲಾರದು.

ಆದರೆ ದೊಡ್ಡ ಅಂತರದ ಗೆಲುವು ತಂಡದ ನಿಜವಾದ ಬಲವನ್ನು ತೋರಿಸುತ್ತದೆಯೇ ಎಂದು ಕೇಳಿದರೆ, ಇಲ್ಲ ಎನ್ನುವುದಕ್ಕೆ ಅದೇ ಜಕಾರ್ತಾ ಕೂಟ ಸಾಕ್ಷಿ. ಗುಂಪು ಹಂತದ ಐದು ಪಂದ್ಯಗಳಲ್ಲಿ ಭಾರತ 76 ಗೋಲು ಗಳಿಸಿತು, ಜಪಾನನ್ನೂ 8-0ರಿಂದ ಮಣಿಸಿತು. ಸೆಮಿಫೈನಲ್‌ನಲ್ಲಿ ಮಲೇಷ್ಯಾ ಪಂದ್ಯದ ಕೊನೆಯ ನಿಮಿಷಗಳಲ್ಲಿ 2-2 ಮಾಡಿ, ಶೂಟೌಟ್‌ನಲ್ಲಿ 7-6ರಿಂದ ಗೆದ್ದುಬಿಟ್ಟಿತು. ಫೈನಲ್‌ನಲ್ಲಿ ಅದೇ ಮಲೇಷ್ಯಾವನ್ನು ಮಣಿಸಿ ಚಿನ್ನ ಗೆದ್ದದ್ದು, ಭಾರತದಿಂದ ಎಂಟು ಗೋಲು ತಿಂದಿದ್ದ ಜಪಾನ್! ಭಾರತಕ್ಕೆ ಉಳಿದದ್ದು ಕಂಚು. ದುರ್ಬಲ ತಂಡಗಳ ಮೇಲೆ ಗೋಲಿನ ಮಳೆ ಸುರಿಸಿ ಬಂದವರಿಗೆ, ಬಿಗಿಯಾದ ರಕ್ಷಣೆಯ ಎದುರು ಒಂದು ಗೋಲಿನ ಮುನ್ನಡೆಯನ್ನು ಕಾಯುವ ಅಭ್ಯಾಸವೇ ಆಗಿರುವುದಿಲ್ಲ.

ಇನ್ನು ಏಷ್ಯಾಡ್ ಚಿನ್ನಕ್ಕೆ ಅಂಟಿಕೊಂಡಿರುವ ಬಹುಮಾನ ಪದಕಕ್ಕಿಂತ ದೊಡ್ಡದು, ಅದು ಒಲಿಂಪಿಕ್ಸ್‌ಗೆ ನೇರ ಪ್ರವೇಶ. ಜಕಾರ್ತಾದಲ್ಲಿ ಸೋತದ್ದರಿಂದ ಭಾರತ 2019ರ ನವೆಂಬರ್‌ನಲ್ಲಿ ಭುವನೇಶ್ವರದಲ್ಲಿ ರಷ್ಯಾ ವಿರುದ್ಧ ಅರ್ಹತಾ ಪಂದ್ಯಗಳನ್ನು ಆಡಿ ಟೋಕಿಯೊ ಸೇರಬೇಕಾಯಿತು. ಪುರುಷರು ದಾಟಿಕೊಂಡರು, ಕಂಚನ್ನೂ ತಂದರು. ಮಹಿಳೆಯರ ತಂಡಕ್ಕೆ ಮುಂದಿನ ಸಲ ಆ ಅದೃಷ್ಟ ಇರಲಿಲ್ಲ: ಹಾಂಗ್‌ಝೌ ಸೆಮಿಫೈನಲ್‌ನಲ್ಲಿ ಚೀನಾಕ್ಕೆ ಸೋತು ಕಂಚಿಗೆ ತೃಪ್ತಿಪಟ್ಟ ಆ ತಂಡ, 2024ರ ಜನವರಿಯಲ್ಲಿ ರಾಂಚಿಯ ಅರ್ಹತಾ ಟೂರ್ನಿಯಲ್ಲಿ ಜಪಾನ್ ಎದುರು 0-1ರಿಂದ ಎಡವಿ ಪ್ಯಾರಿಸ್ ಅವಕಾಶವನ್ನೇ ಕಳೆದುಕೊಂಡಿತು. ಏಷ್ಯಾಡ್‌ನಲ್ಲಿ ಮಹಿಳೆಯರು 1982ರ ನಂತರ ಮತ್ತೆ ಚಿನ್ನ ಗೆದ್ದಿಲ್ಲ ಎಂಬ ಮಾತಿನ ಭಾರ ತಿಳಿಯುವುದು ಇಂಥ ಕಡೆ.

ಪ್ರಶ್ನೆ: ಮೊದಲು ಪೆನಾಲ್ಟಿ ಸ್ಟ್ರೋಕ್‌ನಿಂದ ಫಲಿತಾಂಶ ನಿರ್ಧರಿಸುತ್ತಿದ್ದರು. ಈಗಿನ ಶೂಟೌಟ್‌ಗೂ ಅದಕ್ಕೂ ಏನು ವ್ಯತ್ಯಾಸ? ಯಾವುದು ನ್ಯಾಯಯುತ?
— ನಿವೃತ್ತ ದೈಹಿಕ ಶಿಕ್ಷಕರು, ಗದಗ

ಉತ್ತರ: ಸ್ಟ್ರೋಕ್‌ನಲ್ಲಿ ಚೆಂಡನ್ನು ಗೋಲಿನಿಂದ 6.4 ಮೀಟರ್ ದೂರದಲ್ಲಿ ಇಡುತ್ತಾರೆ, ಹೊಡೆಯುವವನಿಗೆ ಒಂದೇ ಅವಕಾಶ, ಗೋಲ್‌ಕೀಪರ್ ಗೋಲು ಗೆರೆ ಬಿಟ್ಟು ಮುಂದೆ ಬರುವಂತಿಲ್ಲ. ಶೂಟೌಟ್‌ನಲ್ಲಿ ಆಟಗಾರ 23 ಮೀಟರ್ ಗೆರೆಯಿಂದ ಚೆಂಡಿನೊಂದಿಗೆ ಹೊರಟು ಎಂಟು ಸೆಕೆಂಡಿನೊಳಗೆ ಗೋಲು ಮಾಡಬೇಕು. ಗೋಲ್‌ಕೀಪರ್ ಮುನ್ನುಗ್ಗಿ ಬರಬಹುದು, ಮೊದಲ ಹೊಡೆತ ತಡೆಯಲ್ಪಟ್ಟರೂ ಸಮಯವಿದ್ದರೆ ಆಟಗಾರ ಮತ್ತೆ ಹೊಡೆಯಬಹುದು. ಪ್ರತಿ ತಂಡಕ್ಕೆ ಐದು ಅವಕಾಶ, ಅಲ್ಲಿಯೂ ಸಮವಾದರೆ ಸಡನ್ ಡೆತ್, ಅಂದರೆ ಎರಡೂ ತಂಡಗಳಿಗೆ ಒಂದೊಂದೇ ಅವಕಾಶ ಕೊಡುತ್ತಾ ಹೋಗಿ, ಮೊದಲು ಮುನ್ನಡೆ ಪಡೆದವರೇ ವಿಜೇತರು.

ನನ್ನ ಮಟ್ಟಿಗೆ ಶೂಟೌಟ್ ಉತ್ತಮ, ಏಕೆಂದರೆ ಡ್ರಿಬ್ಲಿಂಗ್, ಓಟ, ಮೋಸಗೊಳಿಸುವ ತಿರುವು ಎಲ್ಲವೂ ಇರುವ ಅದು ಹಾಕಿ ಆಟದ್ದೇ ತುಣುಕು. ಗೋಲ್‌ಕೀಪರ್‌ನ ಬುದ್ಧಿಗೂ ಅಲ್ಲಿ ಕೆಲಸವಿದೆ. ಸ್ಟ್ರೋಕ್‌ನಲ್ಲಿ ಅವನಿಗೆ ಉಳಿಯುವುದು ಊಹೆ ಮತ್ತು ಚುರುಕುತನ ಮಾತ್ರ. ಹಾಗಿದ್ದೂ 1998ರ ಬ್ಯಾಂಕಾಕ್ ಫೈನಲ್‌ನಲ್ಲಿ ನಿಗದಿತ ಸಮಯದ ಆಟ 1-1 ಆದಾಗ ಕೊರಿಯಾದ ಸ್ಟ್ರೋಕ್‌ಗಳನ್ನು ತಡೆದು ಭಾರತಕ್ಕೆ 32 ವರ್ಷಗಳ ನಂತರ ಚಿನ್ನ ತಂದುಕೊಟ್ಟವರು ಬೆಂಗಳೂರಿನ ಆಶಿಶ್ ಬಲ್ಲಾಳ್. ಆ ಗೆಲುವಿನ ಬೆನ್ನಲ್ಲೇ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿದಂತೆ ಹಿರಿಯ ಆಟಗಾರರನ್ನು ತಂಡದಿಂದ ಕೈಬಿಟ್ಟದ್ದು ಭಾರತೀಯ ಹಾಕಿಯ ಕಹಿ ಪುಟಗಳಲ್ಲೊಂದು. 2014ರ ಇಂಚಿಯಾನ್‌ನಲ್ಲಿ ಪಾಕಿಸ್ತಾನದ ವಿರುದ್ಧವೂ ಪಂದ್ಯ 1-1, ಗೆಲುವು 4-2. ಆ ಸಲ ಶೂಟೌಟ್, ಕಾವಲಿಗೆ ಪಿ.ಆರ್. ಶ್ರೀಜೇಶ್.

ಆದರೆ ಗಡಿಯಾರ ನಂಬಿದ ಪದ್ಧತಿಗೆ ಗಡಿಯಾರವೇ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಕಂಡೆವು. ಮಹಿಳೆಯರ ಸೆಮಿಫೈನಲ್ ಶೂಟೌಟ್‌ನಲ್ಲಿ ಆಸ್ಟ್ರೇಲಿಯಾದ ಮೊದಲ ಪ್ರಯತ್ನವನ್ನು ಸವಿತಾ ಪೂನಿಯಾ ತಡೆದರು. ಆದರೆ ಗಡಿಯಾರ ಚಾಲೂ ಆಗಿರಲಿಲ್ಲವೆಂದು ಮತ್ತೆ ಹೊಡೆಯಲು ಹೇಳಿದರು, ಎರಡನೆಯ ಸಲ ಗೋಲಾಯಿತು, ಭಾರತ 0-3ರಿಂದ ಸೋತಿತು. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಆಮೇಲೆ ಕ್ಷಮೆ ಕೇಳಿತಾದರೂ ಫಲಿತಾಂಶ ಬದಲಾಗಲಿಲ್ಲ. ತಪ್ಪು ಮೇಜಿನ ಬಳಿ ಕೂತವರದ್ದಾದಾಗ ಅದರ ದಂಡ ತೆರುವವರು ಗೋಲ್‌ಕೀಪರ್ ಆಗಬಾರದು.

ಪ್ರಶ್ನೆ: ಕೊಡಗಿನಲ್ಲಿ ನೂರಾರು ಕುಟುಂಬಗಳು ಹಾಕಿ ಆಡುತ್ತವೆ. ಭಾರತ ತಂಡದಲ್ಲಿ ಈಗ ಕೊಡಗಿನವರು ಏಕೆ ಕಾಣುತ್ತಿಲ್ಲ?
— ಓದುಗರೊಬ್ಬರು, ಗೋಣಿಕೊಪ್ಪಲು

ಉತ್ತರ: ನಿಮ್ಮ ಬೇಸರಕ್ಕೆ ಆಧಾರವಿದೆ. ಇಂಚಿಯಾನ್‌ನಲ್ಲಿ ಚಿನ್ನ ಗೆದ್ದ ಹದಿನಾರು ಮಂದಿಯಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಮತ್ತು ನಿಕ್ಕಿನ್ ತಿಮ್ಮಯ್ಯ, ಈ ನಾಲ್ವರೂ ಕೊಡಗಿನವರು. ಹಾಂಗ್‌ಝೌ ಚಿನ್ನದ ಹದಿನೆಂಟರ ಪಟ್ಟಿಯಲ್ಲಿ ಕರ್ನಾಟಕದ ಒಬ್ಬರೂ ಇರಲಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವ 60 ತಂಡಗಳಿಂದ ಶುರುವಾಗಿ 2024ರಲ್ಲಿ 360ಕ್ಕೆ ಬೆಳೆಯಿತು. ಆಟದ ಮೇಲಿನ ಪ್ರೀತಿ ಕುಗ್ಗಿಲ್ಲ ಎನ್ನಲು ಇಷ್ಟು ಸಾಕು. ಆದರೆ ಉತ್ಸವ ಒಂದು ಋತುವಿನದ್ದು, ಭಾರತ ತಂಡಕ್ಕೆ ಬೇಕಾದವನು ಚಿಕ್ಕ ವಯಸ್ಸಿನಿಂದಲೇ ಸಿಂಥೆಟಿಕ್ ಟರ್ಫ್ ಮೇಲೆ ವರ್ಷವಿಡೀ ತರಬೇತಿ ಪಡೆದವನು. ಚೆಂಡು ಟರ್ಫ್ ಮೇಲೆ ಓಡುವ ವೇಗ ಬೇರೆ, ಪೆನಾಲ್ಟಿ ಕಾರ್ನರ್ ಅಭ್ಯಾಸ ಬೇರೆ. ಒಡಿಶಾ, ಪಂಜಾಬ್‌ಗಳ ಅಕಾಡೆಮಿಗಳು ಮತ್ತು ಹಾಸ್ಟೆಲ್‌ಗಳು ಹುಡುಗರಿಗೆ ಒದಗಿಸುತ್ತಿರುವುದು ಇದನ್ನೇ. ಕೊಡಗಿನ ಹುಡುಗನಿಗೂ ಮನೆಯ ಹತ್ತಿರವೇ ಅಂಥ ದಿನಚರಿ ಸಿಗುವವರೆಗೆ, ಕುಟುಂಬಗಳ ಸಂಖ್ಯೆ ತಾನಾಗಿಯೇ ಭಾರತ ತಂಡದ ಪಟ್ಟಿಯಲ್ಲಿ ಕಾಣಲಾರದು.

ಪ್ರಶ್ನೆ: 2026ರ ಕಾಮನ್‌ವೆಲ್ತ್ ಕೂಟದಲ್ಲಿ ಹಾಕಿ ಇಲ್ಲವೆಂಬುದು ನಿಜವೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ನಿಜ. ಗ್ಲಾಸ್ಗೋ ಕೂಟವನ್ನು ಹತ್ತು ಕ್ರೀಡೆಗಳಿಗೆ ಇಳಿಸಿದಾಗ, 1998ರಿಂದ ಅಲ್ಲಿ ಆಡುತ್ತಿದ್ದ ಹಾಕಿಯನ್ನೂ ಕೈಬಿಟ್ಟರು. ಅಲ್ಲಿ ಪುರುಷರ ಏಳೂ ಚಿನ್ನ ಆಸ್ಟ್ರೇಲಿಯಾಕ್ಕೇ ಹೋಗಿವೆ. ಭಾರತ ಆಡಿದ ಮೂರು ಫೈನಲ್‌ಗಳ ಫಲಿತಾಂಶ 0-8, 0-4 ಮತ್ತು 0-7. ಭಾರತದ ಏಕೈಕ ಚಿನ್ನ 2002ರ ಮ್ಯಾಂಚೆಸ್ಟರ್‌ನಲ್ಲಿ ಮಹಿಳೆಯರು ಇಂಗ್ಲೆಂಡನ್ನು ಅದರ ತವರಿನಲ್ಲೇ 3-2ರಿಂದ ಸೋಲಿಸಿ ಗೆದ್ದದ್ದು. 2026ರಲ್ಲಿ ಹಾಕಿ ಇರುವ ದೊಡ್ಡ ಬಹುಕ್ರೀಡಾ ಕೂಟವೆಂದರೆ ಜಪಾನಿನ ಐಚಿ–ನಗೋಯಾ ಏಷ್ಯಾಡ್.